ಕಾರಿಲ್ಲದ ಗ್ಯಾರೇಜು

ಎಲ್ಡನ್‌ನ ಅಪ್ಪ ಮನೆ ಬಿಟ್ಟು ಹೋಗುವಾಗ ಕಾರನ್ನೂ ತೆಗೆದುಕೊಂಡು ಹೋದ. ಹಾಗಾಗಿ ಟಕೋಮಾದ ನಮ್ಮ ಬೀದಿಯಲ್ಲಿ ಖಾಲಿ ಗ್ಯಾರೇಜು ಅಂತ ಇದ್ದದ್ದು ಅವರ ಮನೆಯದೊಂದೇ. ಅದು ೧೯೬೬ರ ಚಳಿಗಾಲ. ಊರಿನ ಹುಡುಗರೆಲ್ಲ ಗಿಟಾರು ಹಿಡಿದುಕೊಂಡು, ಬಾರಿಸಲು ಜಾಗ ಹುಡುಕುತ್ತಿದ್ದ ಕಾಲ.

ಡುವೇನ್ ಮತ್ತು ಮಿಚ್ ಎಲ್ಡನ್‌ನ ಶಾಲೆಯವರೇ. ಡುವೇನ್ ಗಿಟಾರು ಬಾರಿಸಿಕೊಂಡು ಹಾಡುತ್ತಿದ್ದ. ಮಿಚ್‌ನ ಬಳಿ ಡ್ರಮ್ಮುಗಳಿದ್ದವು. ಹದಿನೈದು ವರ್ಷದ ಎಲ್ಡನ್‌ನನ್ನು ಅಲ್ಲಿಯವರೆಗೆ ಅವರು ಮಾತಾಡಿಸಿದ್ದೇ ಇಲ್ಲ. ಒಂದು ದಿನ ಊಟದ ಹೊತ್ತಿನಲ್ಲಿ ಇಬ್ಬರೂ ತಟ್ಟೆ ಹಿಡಿದು ಬಂದು ಅವನ ಮೇಜಿಗೆ ಕೂತರು. ಆ ಮೇಜಿನಲ್ಲಿ ಅವನು ಯಾವಾಗಲೂ ಒಬ್ಬನೇ.

“ನಿಮ್ಮ ಗ್ಯಾರೇಜು ಖಾಲಿ ಇದೆಯಂತಲ್ಲೋ,” ಎಂದ ಡುವೇನ್.

“ಇದೆ.”

“ಗಲಾಟೆ ಆದ್ರೆ ನಿಮ್ಮಮ್ಮ ಬೈಯಲ್ವಾ?”

“ಶನಿವಾರ ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯೋ ಕೆಲಸಕ್ಕೆ ಹೋಗ್ತಾಳೆ. ಆದ್ರೆ ನಾನೂ ನಿಮ್ಮ ಜೊತೆ ಬಾರಿಸ್ತೀನಿ.”

“ಏನು ಬಾರಿಸ್ತೀಯ?”

ಎಲ್ಡನ್‌ಗೆ ಏನೂ ಬರುತ್ತಿರಲಿಲ್ಲ. “ನಿಮಗೆ ಏನು ಬೇಕು?” ಎಂದ.

ಮಿಚ್ ನಕ್ಕುಬಿಟ್ಟ. “ಬೇಸ್ ಬಾರಿಸೋರು ಯಾರೂ ಸಿಕ್ಕಿಲ್ಲ ಗುರು. ಇರೋದೇ ನಾಲ್ಕು ತಂತಿ. ನಮ್ಮನೆ ನಾಯಿಗೂ ಕಲಿಸಬಹುದು.”

ಮೀನು ಹಿಡಿಯುವ ದೋಣಿ ಸೇರಿ ಅಲಾಸ್ಕಾಕ್ಕೆ ಹೋಗಿದ್ದ ಸೋದರಮಾವನ ಬೇಸ್ ಗಿಟಾರೊಂದು ಅಜ್ಜಿಯ ಮಂಚದ ಕೆಳಗೆ ಧೂಳು ತಿನ್ನುತ್ತಿತ್ತು. ಎಲ್ಡನ್ ಅದನ್ನು ತಂದು, ಒರೆಸಿ, ಬೆರಳ ತುದಿಯಲ್ಲಿ ಬೊಬ್ಬೆ ಏಳುವಷ್ಟು ತಂತಿ ಮೀಟಿ ಕಲಿತ. ಶನಿವಾರ ಬೆಳಿಗ್ಗೆ ಹುಡುಗರು ಬರುವ ಮುಂಚೆಯೇ ಗ್ಯಾರೇಜು ಗುಡಿಸುತ್ತಿದ್ದ. ಅಪ್ಪನ ಕಾರು ಸುರಿಸಿದ್ದ ಎಣ್ಣೆಯ ಕಲೆಯ ಮೇಲೆ ಹಳೆಯ ಕಂಬಳಿ ಹಾಸಿ, ಅದರ ಮೇಲೆ ಡ್ರಮ್ಮುಗಳಿಗೆ ಜಾಗ ಮಾಡುತ್ತಿದ್ದ. ಡುವೇನ್‌ನ ಆಂಪ್ಲಿಫೈಯರ್ ಒಂದೇ ಇದ್ದದ್ದು. ಗಿಟಾರೂ ಬೇಸೂ ಅದಕ್ಕೇ ಜೋತುಬಿದ್ದು ಒಂದರ ದನಿಯನ್ನು ಇನ್ನೊಂದು ನುಂಗುತ್ತಿದ್ದವು. ಹೊರಗೆ ಮಳೆ, ಒಳಗೆ ಕಾಗದದ ಗಿರಣಿಯಿಂದ ತೇಲಿಬರುವ ನಾತ. ಮೂವರೂ ಕೋಟು ತೊಟ್ಟೇ ಬಾರಿಸುತ್ತಿದ್ದರು.

ಒಂದು ಶನಿವಾರ, ಡುವೇನ್‌ನ ಹಾಡೊಂದಕ್ಕೆ ಶುರುವೇ ಸಿಗದೆ ಒದ್ದಾಡುತ್ತಿದ್ದಾಗ, ಎಲ್ಡನ್ ತನ್ನ ಪಾಡಿಗೆ ಏನೋ ಮೀಟಿದ. ಕೆಳಗಿನಿಂದ ಮೂರು ಸ್ವರ ಹತ್ತಿ, ಕಾಲು ಜಾರಿದಂತೆ ಥಟ್ಟನೆ ಇಳಿದುಬರುವ ಚಿಕ್ಕ ಸಾಲು.

“ಅದೇನೋ ಅದು? ಇನ್ನೊಂದ್ಸಲ ಬಾರಿಸು,” ಎಂದ ಡುವೇನ್.

ಇನ್ನೊಂದು ಸಲ ಬಾರಿಸಿದ. ಮಿಚ್ ತಾಳ ಹಾಕಿದ. ಹಾಡು ಹೊರಟೇಬಿಟ್ಟಿತು. ಆ ರಾತ್ರಿ ಎಲ್ಡನ್ ಊಟ ಮಾಡುವುದನ್ನೇ ಮರೆತನೆಂದು ಅವನಮ್ಮ ಆರ್ಡಿಸ್ ಆಮೇಲೆ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದಳು.

ಮಾರ್ಚಿನಲ್ಲಿ ಆರ್ಡಿಸ್ ಕಾರು ಓಡಿಸುವುದನ್ನು ಕಲಿತು ಒಂದು ಹಳೆಯ ಕಾರು ಕೊಂಡಳು. ಗ್ಯಾರೇಜು ಇನ್ನು ಸಿಗಲಾರದೆಂದು ಎಲ್ಡನ್ ಹುಡುಗರಿಗೆ ತಿಳಿಸಿದ.

“ತಲೆ ಕೆಡಿಸ್ಕೋಬೇಡ. ಜಾಗ ಸಿಕ್ಕ ತಕ್ಷಣ ಹೇಳ್ತೀನಿ,” ಎಂದು ಡುವೇನ್ ಆಂಪ್ಲಿಫೈಯರನ್ನು ಹೊತ್ತುಕೊಂಡು ಹೋದ. ಮಿಚ್ ಡ್ರಮ್ಮುಗಳನ್ನು ಅಣ್ಣನ ವ್ಯಾನಿಗೆ ತುಂಬಿದ.

ಎರಡು ಶನಿವಾರ ಕಳೆದವು. ಶಾಲೆಯಲ್ಲಿ ಅವರಿಬ್ಬರೂ ದೂರದ ಮೇಜಿನಲ್ಲಿ ಕೂತು ಎಲ್ಡನ್‌ಗೆ ಕೈ ಬೀಸುತ್ತಿದ್ದರು, ಅಷ್ಟೆ. ಮೂರನೆಯ ಶನಿವಾರ ಅವನು ಬೇಸನ್ನು ಬೆನ್ನಿಗೆ ಕಟ್ಟಿಕೊಂಡು, ಸೈಕಲ್ಲು ಹತ್ತಿ ಮಿಚ್‌ನ ಮನೆಗೆ ಹೊರಟ. ಮೂಲೆ ತಿರುಗುವಾಗಲೇ ಡ್ರಮ್ಮಿನ ಸದ್ದು ಕಿವಿಗೆ ಬಿತ್ತು. ಆಮೇಲೆ ಡುವೇನ್‌ನ ಹಾಡು. ಅದರ ಶುರುವಿನಲ್ಲಿ ಮೂರು ಸ್ವರ ಹತ್ತಿ ಥಟ್ಟನೆ ಇಳಿಯುವ ಆ ಸಾಲು. ಯಾರೋ ಅದನ್ನು ಚೆನ್ನಾಗಿಯೇ ಬಾರಿಸುತ್ತಿದ್ದರು, ಅವನಿಗಿಂತ ಚೆನ್ನಾಗಿ.

ಸೈಕಲ್ಲಿನಿಂದ ಇಳಿಯದೆ, ಒಂದು ಕಾಲನ್ನು ನೆಲಕ್ಕೂರಿ ನಿಂತ. ಕಾರನ್ನು ಹೊರಗೆ ನಿಲ್ಲಿಸಿ ಖಾಲಿ ಮಾಡಿದ್ದ ಗ್ಯಾರೇಜಿನ ಬಾಗಿಲು ಅರ್ಧ ತೆರೆದಿತ್ತು. ಸಿಗರೇಟು ಹಚ್ಚಲು ಹೊರಬಂದ ಮಿಚ್ ಇವನನ್ನು ನೋಡಿ ಅಲ್ಲೇ ನಿಂತುಬಿಟ್ಟ.

“ನಮ್ಮ ಚಿಕ್ಕಪ್ಪನ ಮಗ ಕಣೋ,” ಎಂದ. “ಸ್ಪೋಕೇನಿಂದ ಬಂದಿದ್ದಾನೆ. ಅವನ ಹತ್ರ ಅವನದೇ ಆಂಪ್ಲಿಫೈಯರ್ ಇದೆ.”

“ಹೂಂ.”

“ಡುವೇನ್ ನಿಂಗೆ ಹೇಳ್ತೀನಿ ಅಂದಿದ್ದ.”

“ಹೇಳಿದ್ದ,” ಎಂದು ಎಲ್ಡನ್ ಸುಳ್ಳಾಡಿ ಸೈಕಲ್ಲು ತಿರುಗಿಸಿದ.

ಮನೆಯಲ್ಲಿ ಅವನು ಯಾರಿಗೂ ಏನೂ ಹೇಳಲಿಲ್ಲ. ಆದರೆ ಆ ವಾರದಿಂದ ಆರ್ಡಿಸ್‌ಳ ಕಾರು ಬೀದಿಯಲ್ಲೇ ಮಳೆಗೆ ನೆನೆಯುತ್ತ ನಿಲ್ಲತೊಡಗಿತು.

“ಅಮ್ಮ, ಕಾರು ಯಾಕೆ ಒಳಗೆ ಹಾಕ್ತಿಲ್ಲ? ಹುಡುಗರೇನೂ ಬರಲ್ಲ.”

“ನಂಗೆ ರಿವರ್ಸು ಬರಲ್ಲ ಕಣೋ. ಬಾಗಿಲಿಗೆ ಗುದ್ದಿಬಿಡ್ತೀನಿ,” ಎಂದಳು ಆಲೂಗಡ್ಡೆ ಸುಲಿಯುತ್ತ. ತಲೆ ಎತ್ತಲಿಲ್ಲ. ಅವಳು ದಿನಾ ಬೆಳಿಗ್ಗೆ ಆ ಕಾರನ್ನು ಸಲೀಸಾಗಿ ಹಿಂದಕ್ಕೆ ತಿರುಗಿಸಿಕೊಂಡು ಹೋಗುವುದನ್ನು ಬೀದಿಯವರೆಲ್ಲ ನೋಡಿದ್ದೆವು.

ಎಲ್ಡನ್ ಒಬ್ಬನೇ ಗ್ಯಾರೇಜಿನಲ್ಲಿ ಬಾರಿಸಿದ. ಆಂಪ್ಲಿಫೈಯರ್ ಇಲ್ಲದ ಬೇಸ್ ಗಿಟಾರಿಗೆ ದನಿಯೇ ಇಲ್ಲ, ಸೊಳ್ಳೆ ಗುಂಯ್‌ಗುಟ್ಟಿದಷ್ಟು. ಗಿಟಾರಿನ ತಲೆಯನ್ನು ಮರದ ಬಾಗಿಲಿಗೆ ಒತ್ತಿ ಹಿಡಿದರೆ ಹಲಗೆ ಪೂರ್ತಿ ಗುಂಗುಡುತ್ತದೆಂದು ಕಂಡುಕೊಂಡ. ಹಾಗೆ ಬಾಗಿಲಿಗೆ ಆನಿಸಿಕೊಂಡು, ಗೋಡೆಗೆ ಮುಖ ಮಾಡಿ, ಆ ವರ್ಷವೆಲ್ಲ ಅಭ್ಯಾಸ ಮಾಡಿದ. ಡುವೇನ್‌ನ ಹಾಡಿನ ಆ ಸಾಲನ್ನು ಮಾತ್ರ ಮತ್ತೆಂದೂ ಮುಟ್ಟಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ವಾದ್ಯದಂಗಡಿಯ ಗೋಡೆಯ ಮೇಲೊಂದು ಚೀಟಿ ಕಂಡಿತು: ಬೇಸ್ ನುಡಿಸುವವರು ಬೇಕು. ಹಡಗುಕಟ್ಟೆಯಲ್ಲಿ ದುಡಿಯುವ, ಶುಕ್ರವಾರದ ನೃತ್ಯಗಳಿಗೆ ಬಾರಿಸುವ ಮದುವೆಯಾದ ಗಂಡಸರ ಬ್ಯಾಂಡು ಅದು. ಎಲ್ಡನ್ ಬಸ್ಸಿನಲ್ಲಿ ಊರಾಚೆಗೆ ಹೋದ.

“ಮುಂಚೆ ಯಾವ ಬ್ಯಾಂಡಲ್ಲಿದ್ದೆ ತಮ್ಮಾ?” ಎಂದು ಅವರ ಮುಖಂಡ, ಬೋಳುತಲೆಯ ವೆಂಡೆಲ್ ಕೇಳಿದ.

“ಯಾವುದರಲ್ಲೂ ಇಲ್ಲ.”

ವೆಂಡೆಲ್ ಆಂಪ್ಲಿಫೈಯರಿನ ವೈರು ಸಿಕ್ಕಿಸಿದ. ಎಲ್ಡನ್ ಮೊದಲ ತಂತಿ ಮೀಟಿದ, ತಾನೇ ಬೆಚ್ಚಿಬಿದ್ದ. ಅಷ್ಟು ದನಿ ತನ್ನ ಬೆರಳಲ್ಲಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

“ಜೋರಾಯ್ತಾ?” ಎಂದ ವೆಂಡೆಲ್.

“ಇಲ್ಲ. ಇರಲಿ.”

ನಾಲ್ಕು ಹಾಡು ಮುಗಿದ ಮೇಲೆ ವೆಂಡೆಲ್ ಉಳಿದವರ ಮುಖ ನೋಡಿ, “ಗುರುವಾರ ಬಾ,” ಎಂದ. ಆಮೇಲೆ ಎಲ್ಲರೂ ಹೆಂಡತಿ ಮಕ್ಕಳು ಕಾಯುತ್ತಿದ್ದಾರೆಂದು ತಮ್ಮ ತಮ್ಮ ಕಾರು ಹತ್ತಿದರು.

ಮುಂದೆ ಐವತ್ತು ವರ್ಷ ಎಲ್ಡನ್‌ನ ಹೊಟ್ಟೆ ಹೊರೆದದ್ದು ಆ ವಾದ್ಯವೇ. ಆದರೆ ಆ ಸಂಜೆ ಅವನಿಗೆ ಬೇಕಿದ್ದದ್ದು ಹೇಳಿಕೊಳ್ಳಲು ಒಬ್ಬರು. ಅಮ್ಮ ಕೆಲಸದಲ್ಲಿದ್ದಳು. ಬಸ್ಸು ಖಾಲಿ ಇತ್ತು. ಅವನು ಚಾಲಕನ ಹಿಂದಿನ ಸೀಟಿನಲ್ಲಿ ಕೂತು, ಬೇಸಿನ ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು ಹೇಳಿದ:

“ನಾನು ಬ್ಯಾಂಡಲ್ಲಿ ಬೇಸ್ ನುಡಿಸ್ತೀನಿ.”

ಚಾಲಕ ಕನ್ನಡಿಯಲ್ಲಿ ಅವನನ್ನೊಮ್ಮೆ ನೋಡಿದ.

“ಒಳ್ಳೇದಾಯ್ತಪ್ಪ,” ಎಂದ. “ಆ ಪೆಟ್ಟಿಗೆ ಸ್ವಲ್ಪ ಒಳಗೆ ಎಳ್ಕೋ. ಹತ್ತೋರಿಗೆ ಅಡ್ಡ ಆಗುತ್ತೆ.”