ಸೋಮಾರಿ ಸಿಂಹದ ಹಸಿರು ಉಂಗುರ

“ಊಟ ಆಯ್ತಾ?”

ಅತ್ತಿಗೆ ಹಾಗೆ ಕೇಳಿದಾಗ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಬಾಗಿಲಿನ ಹೊರಗೆ ನಿಂತಿದ್ದೆ. ನಾನು ಬಂದದ್ದು ಅವರಿಗೆ ತಿಳಿದಿರಲಿಲ್ಲ. ಅವರ ಎದುರಿಗೆ ಅಣ್ಣನ ಆಟದ ಕಂಪ್ಯೂಟರ್. ತೆರೆಯ ಮೇಲೆ ಒಂದು ಹೊಳೆ, ಹೊಳೆಯ ದಂಡೆಯಲ್ಲಿ ನಮಗೆ ಬೆನ್ನು ಹಾಕಿ ನಿಂತ ಬಿಲ್ಲುಗಾರ. ಅಣ್ಣ ಆಡುತ್ತಿದ್ದದ್ದು ಆ ಬಿಲ್ಲುಗಾರನಾಗಿ. ಅತ್ತಿಗೆ ಆಡುತ್ತಿರಲಿಲ್ಲ. ಅವನನ್ನು ಹಾಗೆಯೇ ನಿಲ್ಲಿಸಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಹೆಗಲ ಮೇಲೆ ಬೀಳುತ್ತಿದ್ದರೂ ಕದಲದೆ ಕೂತಿದ್ದರು.

ತೆರೆಯ ಎಡಮೂಲೆಯಲ್ಲಿ, ಆಟದ ಚಿತ್ರದ ಮೇಲೆ ತೇಲುವ ಹಾಗೆ, ಒಂದು ಸಣ್ಣ ಪಟ್ಟಿ ಇತ್ತು. ಜೊತೆಯಲ್ಲಿ ಆಡುವವರು ಪರಸ್ಪರ ಮಾತಾಡಲು ಇರುವ ಚಾಟ್ ಪಟ್ಟಿ. ಅದರಲ್ಲಿ ನಾಲ್ಕು ಹೆಸರು: ಸೋಮಾರಿ ಸಿಂಹ, ಗೂಬೆಯಜ್ಜ, ಮೆಣಸಿನಕಾಯಿ, ತಗಡು ಡಬ್ಬ. ಯಾರು ಮಾತಾಡಿದರೆ ಅವರ ಹೆಸರಿನ ಸುತ್ತ ಹಸಿರು ಉಂಗುರ ಹತ್ತಿಕೊಳ್ಳುತ್ತದೆ. ಸೋಮಾರಿ ಸಿಂಹ ಎಂದರೆ ನಮ್ಮಣ್ಣ. ಅವನು ತೀರಿಕೊಂಡು ನಾಲ್ಕು ತಿಂಗಳಾಗಿತ್ತು.

ಅತ್ತಿಗೆಯ ಪ್ರಶ್ನೆ ಮುಗಿದು ಅರೆ ಉಸಿರು ಕಳೆದಿರಬಹುದು. ಸೋಮಾರಿ ಸಿಂಹದ ಸುತ್ತ ಹಸಿರು ಉಂಗುರ ಹತ್ತಿಕೊಂಡಿತು. ಒಂದು ಗಳಿಗೆ ನಿಂತು, ಆರಿತು.

“ಒಳ್ಳೇದಾಯ್ತು ಬಿಡಿ,” ಎಂದು ಅತ್ತಿಗೆ ನಕ್ಕರು. ಉಂಗುರ ಮತ್ತೆ ಹತ್ತಿತು.

ಸದ್ದಾಗದಂತೆ ಹಿಂದೆ ಸರಿದು ಅಡುಗೆಮನೆಗೆ ಬಂದೆ.

“ನೋಡಿದ್ಯಾ?” ಅಮ್ಮ ಪಿಸುಗುಟ್ಟಿದರು. “ನಾನು ಹೇಳಿದ್ರೆ ಮುದುಕಿಗೆ ಅರಳುಮರಳು ಅಂತಿದ್ದೆ.”

“ಅದೇನಮ್ಮಾ ಅದು?”

“ನನ್ನ ಕೇಳ್ತೀಯಲ್ಲ! ನಮ್ಮನೇಲಿ ಓದಿದೋನು ನೀನು.”

“ನಾನು ಓದಿರೋದು ಕಣ್ಣಿನ ನಂಬರು. ಕನ್ನಡಕ ಮಾಡೋನಿಗೆ ಇದೆಲ್ಲ ಏನು ಗೊತ್ತಾಗತ್ತೆ?”

“ಹಾಗಾದ್ರೆ ನಿನ್ನದೇ ಒಂದು ಕನ್ನಡಕ ಹಾಕ್ಕೊಂಡು ನೋಡಪ್ಪ. ಆ ಪಟ್ಟಿ ಒಂದು ತೆಗೆದುಬಿಡು, ಸಾಕು. ಯಂತ್ರ ಇರ್ಲಿ. ಅವನು ಆಸೆಪಟ್ಟು ತಂದಿದ್ದು.”

ಅಮ್ಮನ ಅವಸರಕ್ಕೆ ಕಾರಣವಿತ್ತು. ಅತ್ತಿಗೆ ದೊಡ್ಡ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳ ಹೊಲಿಗೆ ಬಿಚ್ಚಿ, ಮತ್ತೆ ಹೊಲಿದು, ಹೊಸ ರಟ್ಟು ಕಟ್ಟುವ ಕೆಲಸದಲ್ಲಿದ್ದರು. ಈಗೀಗ ಎರಡು ಗಂಟೆಗೇ ಎದ್ದು ಬಂದುಬಿಡುತ್ತಿದ್ದರು. ಮೂರಕ್ಕೆ ಸರಿಯಾಗಿ ಈ ಕುರ್ಚಿಯಲ್ಲಿ ಕೂರಬೇಕು. ಅಣ್ಣ ಬೆಳಗಿನ ಪಾಳಿ ಮುಗಿಸಿ ಬಂದು ಆಡುತ್ತಿದ್ದ ಹೊತ್ತು ಅದು. ಸೋಮವಾರದಿಂದ ಇಡೀ ದಿನ ಇರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಗ್ರಂಥಾಲಯದಿಂದ ಪತ್ರ ಬಂದಿತ್ತು. ಅತ್ತಿಗೆ ಅದನ್ನು ಓದಿ, ಮಡಿಸಿ, ಸಕ್ಕರೆ ಡಬ್ಬದ ಕೆಳಗೆ ಇಟ್ಟು, ಮರೆತಿದ್ದರು. ಅವರಿಗೆ ಬೇಕಾದ ಉತ್ತರ ಮನೆಯಲ್ಲೇ ಸಿಗುತ್ತಿತ್ತಲ್ಲ.

ಅಮ್ಮ ಅತ್ತಿಗೆಗೆ ಕೇಳುವಂತೆ ಧ್ವನಿ ಎತ್ತರಿಸಿದರು. “ಮಗಾ, ತಾರಸಿ ಮೇಲಿನ ಬಟ್ಟೆ ತರ್ತೀಯಾ? ನನ್ನ ಮೊಣಕಾಲು ಮೆಟ್ಟಿಲು ನೋಡಿದ್ರೇನೇ ಮುನಿಸ್ಕೊಳ್ಳತ್ತೆ.”

ಅತ್ತಿಗೆ ಹೊರಗೆ ಬಂದು ನನ್ನನ್ನು ಕಂಡು, “ಯಾವಾಗ ಬಂದ್ಯೋ? ಕೂತ್ಕೋ, ಈಗ ಬಂದೆ,” ಎಂದು ಮೆಟ್ಟಿಲು ಹತ್ತಿದರು. ಅವರ ಮುಖದಲ್ಲಿ ನಗುವಿನ ಬಿಸಿ ಇನ್ನೂ ಇತ್ತು. ಅದನ್ನು ಆರಿಸಲು ಹೊರಟವನು ನಾನು.

ಅಣ್ಣನ ಕುರ್ಚಿಯಲ್ಲಿ ಕೂತೆ. ಕೀಲಿಮಣೆಯ ನಾಲ್ಕು ಕೀಲಿಗಳ ಅಕ್ಷರ ಅಳಿಸಿ ಹೋಗಿತ್ತು, ಬೆರಳ ಬೆವರಿಗೆ. ಅವನ ಹೆಡ್‌ಫೋನ್ ಅಲ್ಲಿರಲಿಲ್ಲ. ಅದರ ಮೆತ್ತೆಗೆ ಅವನ ಕೂದಲು ಅಂಟಿದೆಯೆಂದು ಅತ್ತಿಗೆ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಹಾಗಾಗಿ ನಾಲ್ಕು ತಿಂಗಳಿಂದ ಯಂತ್ರಕ್ಕೆ ದನಿಯೇ ಇರಲಿಲ್ಲ. ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜುವಾಗ ಪದ್ಯ ಕೇಳಲೆಂದು ನನ್ನ ಚೀಲದಲ್ಲಿ ಒಂದು ಸಣ್ಣ ಸ್ಪೀಕರ್ ಸದಾ ಇರುತ್ತದೆ. ಪಟ್ಟಿ ತೆಗೆಯುವಾಗ ಏನು ಆರಿತು, ಏನು ಆರಲಿಲ್ಲ ಎಂದು ಸದ್ದಿನಿಂದ ಗೊತ್ತಾಗಲೆಂದು ಅದನ್ನೇ ಸಿಕ್ಕಿಸಿದೆ. ಹೊಳೆಯ ಸದ್ದು ಕೇಳಿತು.

ಕುರ್ಚಿಯನ್ನು ಮುಂದೆ ಎಳೆದುಕೊಂಡೆ. ಕಿರ್ರೆಂದಿತು. ಹಸಿರು ಉಂಗುರ ಹತ್ತಿತು.

ದೇವರೇ ಎಂದು ಮನಸ್ಸಿನಲ್ಲೇ ನೆನೆದೆ. ಉಂಗುರ ಆರಿತು. ಕೆಮ್ಮು ಬಂತು. ಉಂಗುರ ಮತ್ತೆ ಹತ್ತಿತು.

ಆಗ ಕಂಡಿತು. ಮೇಜಿನ ಅಂಚಿಗೆ ಬಿಗಿದ ಒಂದು ಕಬ್ಬಿಣದ ತೋಳು, ಅದರ ತುದಿಯಲ್ಲಿ ಕರಿಯ ಮೈಕು, ಅದರ ಮೈಯಲ್ಲಿ ಸಾಸಿವೆಯಷ್ಟು ಕೆಂಪು ದೀಪ. ಆಟ ತೆರೆದೊಡನೆ ಮೈಕು ತಾನೇ ಚಾಟ್‌ಗೆ ಸೇರುವ ಹಾಗೆ ಅಣ್ಣ ಮಾಡಿಟ್ಟಿದ್ದ. ಸೋಮಾರಿಯಲ್ಲವೇ, ದಿನಾ ಯಾರು ಒತ್ತುತ್ತಾರೆ ಅಂತ. ಅತ್ತಿಗೆಯ ಮಾತೇ ಆ ಮೈಕಿಗೆ ಬಿದ್ದು, ಅರೆ ಉಸಿರು ತಡವಾಗಿ, ಅಣ್ಣನ ಹೆಸರಿನಲ್ಲಿ ಬೆಳಗುತ್ತಿತ್ತು. ಅವರು ತಮ್ಮನ್ನು ತಾವೇ ಕೇಳಿ, ತಮಗೆ ತಾವೇ ಉತ್ತರ ಪಡೆಯುತ್ತಿದ್ದರು.

ಎದೆ ಹಗುರಾಗಬೇಕಿತ್ತು. ಆಗಲಿಲ್ಲ.

ಸೆಟ್ಟಿಂಗ್ಸ್ ತೆರೆದೆ. ಕೆಳಗೆ ಹುಡುಕುತ್ತಾ ಹೋದಾಗ ‘ಆಟದ ಮೇಲೆ ಚಾಟ್ ತೋರಿಸು’ ಎಂಬ ಸಾಲು ಸಿಕ್ಕಿತು. ಪಕ್ಕದಲ್ಲಿ ಉಗುರಿನಷ್ಟು ಗುಂಡಿ. “ಇದೇ ಇರ್ಬೇಕು,” ಎಂದುಕೊಂಡೆ, ಬಾಯಿಬಿಟ್ಟು.

ಸ್ಪೀಕರಿನೊಳಗೆ ಟಕ್ಕೆಂದು ಯಾರದೋ ಮೈಕು ತೆರೆದ ಸದ್ದಾಯಿತು.

“ಸಿಂಹಾ?” ಒಂದು ಹೆಣ್ಣುದನಿ. ಮೆಣಸಿನಕಾಯಿಯ ಸುತ್ತ ಉಂಗುರ. “ಅಜ್ಜಾ, ಕೇಳಿಸ್ಕೊಂಡ್ರಾ? ಸಿಂಹದ ದನಿ!”

“ಕೇಳಿಸ್ತಮ್ಮಾ,” ಗೂಬೆಯಜ್ಜನ ದನಿ ನಡುಗುತ್ತಿತ್ತು. “ಯಾರಪ್ಪಾ ನೀನು?”

ನಮ್ಮಿಬ್ಬರ ದನಿ ಒಂದೇ. ಫೋನಿನಲ್ಲಿ ಅಮ್ಮನೂ ಮೋಸಹೋಗುತ್ತಿದ್ದರು. “ತಮ್ಮ,” ಎಂದೆ. “ನಾನು ಅವನ ತಮ್ಮ.”

ಆ ಕಡೆ ಯಾರೋ ಉಸಿರು ಬಿಟ್ಟರು. “ಒಂದು ಕ್ಷಣ ಜೀವ ಹೋಗಿ ಬಂತು ಮಾರಾಯ,” ಎಂದ ತಗಡು ಡಬ್ಬ.

“ಅವನು ಹೋಗಿದ್ದು ನಿಮಗೆ ಗೊತ್ತಾ?”

“ಅವರ ಹೆಂಡ್ತೀನೇ ಹೇಳಿದ್ರಲ್ಲ,” ಎಂದಳು ಮೆಣಸಿನಕಾಯಿ. “ನಮಗೆ ಅಂತ ಅಲ್ಲ. ಮೊದಲನೇ ದಿನ ತುಂಬಾ ಅತ್ರು. ನಾವು ಕೂಗಿದ್ವಿ, ಕರೆದ್ವಿ. ಅವರಿಗೆ ಕೇಳಿಸ್ತಿಲ್ಲ ಅಂತ ಆಮೇಲೆ ಗೊತ್ತಾಯ್ತು.”

“ಬರೆದು ತಿಳಿಸಬಹುದಿತ್ತಲ್ಲ?”

“ಬರೀಬೇಕು ಅಂತಾನೇ ಇದ್ವಿ,” ಗೂಬೆಯಜ್ಜ ಹೇಳಿದರು. “ಅಷ್ಟರಲ್ಲಿ ಒಂದಿನ ಆಕೆ ನಕ್ಕಳು ಕಣಪ್ಪ. ಆಮೇಲೆ ನನ್ನ ಕೈ ಏಳಲಿಲ್ಲ. ಈಗ ಮೂರಕ್ಕೆ ಬರ್ತೀವಿ, ನಮ್ಮ ಉಂಗುರ ಹತ್ತಬಾರದು ಅಂತ ಮೈಕು ಮುಚ್ಚಿ ಕೂತ್ಕೋತೀವಿ. ಆಕೆ ಎದ್ದ ಮೇಲೇ ಆಟ.”

ಎಲ್ಲೆಲ್ಲೋ ಇರುವ ಮೂರು ಮನೆಗಳಲ್ಲಿ ಮುಖ ಕಾಣದ ಮೂವರು, ದಿನಾ, ನನ್ನ ಅತ್ತಿಗೆಯ ಒಂಟಿ ಮಾತನ್ನು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ನಾವು ಮನೆಯವರು ಒಂದು ದಿನವೂ ಹಾಗೆ ಕೂತು ಕೇಳಿರಲಿಲ್ಲ.

“ತಪ್ಪು ತಿಳ್ಕೋಬೇಡಿ,” ಮೆಣಸಿನಕಾಯಿ ತಡೆದು ತಡೆದು ಹೇಳಿದಳು. “ಇನ್ನೂ ಸ್ವಲ್ಪ ಮಾತಾಡ್ತೀರಾ? ಏನಾದ್ರೂ ಸರಿ. ಸಿಂಹಾನೇ ಮಾತಾಡ್ದಂಗೆ ಇದೆ.”

ಬೆನ್ನ ಹಿಂದೆ ಬಟ್ಟೆಯ ಬಿಸಿಲುವಾಸನೆ ಬಂತು. ತಿರುಗಿದೆ. ಅತ್ತಿಗೆ ಬಾಗಿಲಲ್ಲಿದ್ದರು, ತೋಳ ತುಂಬ ಒಣಗಿದ ಬಟ್ಟೆ, ಮೇಲೆ ಅಮ್ಮನ ಬಿಳಿ ಸೀರೆ. ಎಷ್ಟು ಕೇಳಿಸಿಕೊಂಡಿದ್ದರೋ.

“ಅತ್ತಿಗೆ, ಈ ಉಂಗುರ ಇದೆಯಲ್ಲ...”

“ಗೊತ್ತು ಕಣೋ,” ಎಂದರು. “ಎರಡನೇ ದಿನಾನೇ ಗೊತ್ತಾಯ್ತು. ನಾನು ಸೀನಿದೆ, ಅದು ಹತ್ಕೊಳ್ತು. ಸೀನಿಗೆಲ್ಲ ಉತ್ತರ ಕೊಡೋ ಗಂಡಸಾ ನಿಮ್ಮಣ್ಣ?”

ಅತ್ತಿಗೆ ಬಟ್ಟೆಯನ್ನು ಮಂಚದ ಮೇಲೆ ಹಾಕಿ ಬಂದು ತೆರೆಯನ್ನು ನೋಡಿದರು. ಕೇಳುವವರು ಇದ್ದಾರೆಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಮೂರು ಹೆಸರುಗಳನ್ನೂ ಒಂದೊಂದಾಗಿ ಓದಿದರು.

“ಅತ್ತೆ ಹೇಳಿದ್ರಾ, ತೆಗೆದುಬಿಡು ಅಂತ?”

“ಹ್ಞೂಂ.”

“ತೆಗೆದುಬಿಡು. ಸೋಮವಾರದಿಂದ ಕೆಲಸಕ್ಕೂ ಹೋಗ್ತೀನಿ. ಸಂಜೆವರೆಗೂ ಇರ್ತೀನಿ. ಆಣೆ ಮಾಡು ಅಂದ್ರೆ ಮಾಡ್ತೀನಿ.” ಅವರು ನನ್ನ ಕುರ್ಚಿಯ ಬೆನ್ನು ಹಿಡಿದರು. ದನಿ ಇಳಿಯಿತು. “ನೀನು ಮಾತಾಡಿದ್ದು ಮೆಟ್ಟಿಲಿಂದ ಕೇಳ್ದೆ. ಕಾಲು ನಿಂತೇಹೋಯ್ತು. ನೋಡು, ಅತ್ತೆ ನನ್ನ ಮಗಾ ಅಂತಾರೆ. ನಿನಗೆ ಅತ್ತಿಗೆ. ಗ್ರಂಥಾಲಯದಲ್ಲಿ ಮೇಡಮ್ಮು. ಹೆಸರು ಹಿಡಿದು ಕರೀತಿದ್ದೋರು ನಿಮ್ಮಣ್ಣ ಒಬ್ರೇ. ನಾಲ್ಕು ತಿಂಗಳಾಯ್ತು ಕಣೋ ನನ್ನ ಹೆಸರು ನಾನು ಕೇಳಿ. ಒಂದು ಸಲ ಕರಿ. ಹೆಸರು ಹಿಡಿದು. ನಾನು ಆ ಕಡೆ ತಿರುಗಿ ನಿಂತ್ಕೋತೀನಿ, ನಿನ್ನ ಮುಖ ನೋಡಲ್ಲ. ಒಂದೇ ಸಲ. ಆಮೇಲೆ ಆರಿಸು.”

ಅವರು ನಿಜವಾಗಿಯೂ ತಿರುಗಿ ನಿಂತರು. ಕಿಟಕಿಯ ಕಡೆಗೆ, ಕಣ್ಣು ಮುಚ್ಚಿ, ಸ್ವಲ್ಪ ಕತ್ತು ವಾಲಿಸಿ.

ಆ ಹೆಸರು ನನಗೆ ಗೊತ್ತಿತ್ತು. ಎರಡೇ ಅಕ್ಷರ. ಅಣ್ಣ ಅದನ್ನು ಮೊದಲಕ್ಷರದಲ್ಲಿ ಎಳೆದು ಕರೆಯುತ್ತಿದ್ದ; ಆ ಎಳೆತವೂ ನನ್ನ ಗಂಟಲಿನಲ್ಲಿ ತಾನಾಗಿಯೇ ಸಿದ್ಧವಾಗುತ್ತಿತ್ತು, ನಾನು ಕರೆಯದೆಯೂ ಯಾರೋ ಒಳಗಿನಿಂದ ಕರೆಯುವ ಹಾಗೆ. ಕರೆದರೆ ಅವರು ತಿರುಗುತ್ತಾರೆ. ನನ್ನ ಮುಖದಲ್ಲಿ ಅವನನ್ನು ಹುಡುಕುತ್ತಾರೆ. ನಾಳೆ ಮತ್ತೆ ಕೇಳುತ್ತಾರೆ. ನಾನು ಮತ್ತೆ ಕೊಡುತ್ತೇನೆ. ಆ ಉಂಗುರಕ್ಕಾದರೆ ಆರಿಸಲು ಒಂದು ಗುಂಡಿಯಿತ್ತು.

“ಕರೆಯೋ,” ಎಂದರು ಅತ್ತಿಗೆ, ತಿರುಗದೆ.

“ಇಲ್ಲ ಅತ್ತಿಗೆ,” ಎಂದೆ. “ಕರೆಯಲ್ಲ.”