ಹೂ ಬಿಟ್ಟ ಎರಡು ಸಾಲು ಕೊತ್ತಂಬರಿ

ವಡೋದರಾದ ಅಲ್ಕಾಪುರಿಯಲ್ಲಿ ಉಡುಪಿ ಹೋಟೆಲು ನಡೆಸುತ್ತಿದ್ದ ಲಕ್ಷ್ಮೀನಾರಾಯಣರಿಗೆ ಒಬ್ಬಳೇ ಮಗಳು, ರಚನಾ. ೧೯೯೭ರಲ್ಲಿ ಅವಳು ಎಂ.ಎಸ್ಸಿ. ಸಂಶೋಧನೆಗೆ ನೊಣವನ್ನು ಆರಿಸಿಕೊಂಡಾಗ ಅವರಿಗೆ ನಗುವುದೋ ಬೈಯುವುದೋ ತಿಳಿಯಲಿಲ್ಲ.

"ಎಂತ ಮಾರಾಯ್ತಿ, ಇಡೀ ದಿನ ನಾವಿಲ್ಲಿ ನೊಣ ಓಡಿಸುವುದು. ನೀನು ಅದನ್ನೇ ಓದುವುದಾ?"

ಇದು ಊಟದ ಮೇಲೆ ಕೂರುವ ನೊಣವಲ್ಲ, ಹೂನೊಣ, ಎಂದಳು ರಚನಾ. ಜೇನಿನಂತೆ ಹಳದಿ ಪಟ್ಟೆ, ಆದರೆ ಕುಟುಕುವುದಿಲ್ಲ. ಹೂವಿನೆದುರು ಗಾಳಿಯಲ್ಲೇ ನಿಲ್ಲುತ್ತದೆ. ಅದರ ಮರಿಹುಳು ಬೆಳೆಯ ಹೇನು ತಿನ್ನುತ್ತದೆ. ದೊಡ್ಡ ನೊಣಕ್ಕೆ ಮಾತ್ರ ಮಕರಂದ, ಪರಾಗ ಬೇಕು. ಎಲೆಕೋಸಿನ ಹೊಲದಲ್ಲಿ ಹೂವೆಲ್ಲಿ?

ಹೋಟೆಲಿಗೆ ತರಕಾರಿ ತರುತ್ತಿದ್ದ ಪಾದ್ರಾದ ರೈತ ಜೀವಣಭಾಯಿಯನ್ನು ಅವಳು ಒಪ್ಪಿಸಿದಳು. ಕೋಸಿನ ಹೊಲದ ಬದುವಿನಲ್ಲಿ ಅವರು ಎರಡು ಸಾಲು ಕೊತ್ತಂಬರಿ ಕೀಳದೆ ಬಿಟ್ಟರು. ಬಿಳಿ ಹೂ ಬಂತು, ನೊಣಗಳೂ ಬಂದವು.

ಜನವರಿಯಲ್ಲಿ ಕೋಸಿಗೆ ಹೇನು ಹತ್ತಿತು. ಹೇನಿನ ನಡುವೆ ಹಸಿರು ಹುಳುಗಳನ್ನೂ ಕಂಡು ಗಾಬರಿಯಾದ ಜೀವಣಭಾಯಿ ಔಷಧದ ಪಂಪು ಬೆನ್ನಿಗೇರಿಸಿದರು. ರಚನಾ ಅಡ್ಡ ನಿಂತು ಕೈಗೆ ಭೂತಗನ್ನಡಿ ಕೊಟ್ಟಳು. ಅವರು ಕುಕ್ಕರುಗಾಲಲ್ಲಿ ಕೂತು ನೋಡಿದರು. ಹೂನೊಣದ ಮರಿಹುಳು ಒಂದು ಹೇನನ್ನು ಎತ್ತಿ ಹಿಡಿದು ಹೀರಿ ಸಿಪ್ಪೆ ಬಿಸಾಡಿತು. ಮತ್ತೊಂದನ್ನು ಹಿಡಿಯಿತು. ಬಹಳ ಹೊತ್ತಿನ ಮೇಲೆ ಅವರು ಪಂಪು ಇಳಿಸಿದರು.

"ಎಂಟು ದಿನ ಕಾಯುತ್ತೇನೆ, ಬೆನ್," ಎಂದರು, ತಂಗಿಯನ್ನು ಕರೆಯುವಂತೆ.

ರಚನಾ ಎಂಟು ದಿನವೂ ಬಸ್ಸು ಹಿಡಿದು ಬಂದು ಎಲೆಎಲೆಯನ್ನೂ ಮಗುಚಿ ನೋಡಿದಳು. ಕೊನೆಗೆ, ಕೊತ್ತಂಬರಿಯ ಬಳಿಯ ಕೋಸಿನಲ್ಲಿ ಹೇನಿನ ಒಣ ಸಿಪ್ಪೆ ಮಾತ್ರ ಉಳಿದಿತ್ತು. ಹೂವಿನಿಂದ ದೂರದ ತುದಿಯಲ್ಲಿ ಎಲೆಗಳು ಮುರುಟಿದ್ದವು. ಅವಳು ಅದನ್ನೂ ಮುಚ್ಚಿಡದೆ ತೋರಿಸಿದಳು. ಹಾಗಾದರೆ ಮುಂದಿನ ಸಲ ಹೊಲದ ನಡುವೆಯೂ ಸಾಲು ಬಿಡುತ್ತೇನೆ ಎಂದರು ಜೀವಣಭಾಯಿ.

ಆ ಭಾನುವಾರ ಅವರು ಅಕ್ಕಪಕ್ಕದ ರೈತರನ್ನು ಕರೆಸಿದರು. ಲಕ್ಷ್ಮೀನಾರಾಯಣರೂ ಸ್ಕೂಟರಿನಲ್ಲಿ ಬಂದು ಹಿಂದೆ ನಿಂತರು. ಅಷ್ಟು ಜನರೆದುರು ಮಗಳು ಗುಜರಾತಿಯಲ್ಲಿ ನಿರಾಳವಾಗಿ ಮಾತಾಡುತ್ತಿದ್ದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಿದ್ದಳು. ಬಿಳಿಮೀಸೆಯ ಮುದುಕರೊಬ್ಬರು, ಈ ಹುಡುಗಿ ಯಾರ ಮನೆಯವಳು ಎಂದು ಪಕ್ಕದವರನ್ನು ಕೇಳಿದರು.

"ನನ್ನ ಮಗಳು," ಎಂದರು ಲಕ್ಷ್ಮೀನಾರಾಯಣ. ಮುದುಕರಿಗೆ ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ, ಗಟ್ಟಿಯಾಗಿ ಹೇಳಿದರು.

ಆಮೇಲೆ ಇಸ್ತ್ರಿಯ ಬಿಳಿ ಪ್ಯಾಂಟು ಮಣ್ಣಾಗುವುದನ್ನೂ ಲೆಕ್ಕಿಸದೆ ಬದುವಿನಲ್ಲಿ ಮಂಡಿಯೂರಿ, ಮಗಳಿಂದ ಭೂತಗನ್ನಡಿ ಕೇಳಿ ಪಡೆದರು.