ಮೂರನೆಯ ಕೊಟೇಶನ್

ಇಂದುಶೇಖರ ಮೂರು ಕೊಟೇಶನ್ ಇಲ್ಲದೆ ಒಂದು ಪೊರಕೆಯನ್ನೂ ಕೊಂಡವನಲ್ಲ. ಕೇಂದ್ರ ಸರ್ಕಾರದ ಒಂದು ಇಲಾಖೆಯ ಖರೀದಿ ವಿಭಾಗದಲ್ಲಿ ಇಪ್ಪತ್ತೇಳು ವರ್ಷ ಸವೆಸಿದ ಮೇಲೆ ಆ ಅಭ್ಯಾಸ ಮೈಗೆ ಹತ್ತಿಬಿಟ್ಟಿತ್ತು. ಮದುವೆಯ ವಿಷಯದಲ್ಲೂ ಹಾಗೇ ಆಯಿತು. ಬಂದ ಜಾತಕಗಳನ್ನೆಲ್ಲ ಹೋಲಿಸಿ, ಇನ್ನೂ ಒಂದು ಬರಲಿ ಎಂದು ಕಾದು, ಕಾಯುತ್ತ ಕಾಯುತ್ತ ವಯಸ್ಸು ಐವತ್ತೆರಡಾಯಿತು. ಈಗ ಜಾತಕ ಕಳಿಸುವವರೂ ಇಲ್ಲ. ದೆಹಲಿಯ ಆರ್.ಕೆ. ಪುರಂನ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಅವನೊಬ್ಬನೇ.

ಅಕ್ವೇರಿಯಂ ಕೂಡ ಅವನು ಆಸೆಪಟ್ಟು ತಂದದ್ದಲ್ಲ. ಮೇಲಿನ ಮನೆಯ ಸಹೋದ್ಯೋಗಿಗೆ ಗುವಾಹಟಿಗೆ ವರ್ಗವಾದಾಗ, ಆ ಮಹಾಶಯ ಮೂರಡಿಯ ಗಾಜಿನ ತೊಟ್ಟಿಯನ್ನು ಗಿಡಗಳು ಮತ್ತು ಹನ್ನೆರಡು ನಿಯಾನ್ ಟೆಟ್ರಾ ಮೀನುಗಳ ಸಮೇತ ಇವನ ಕೊರಳಿಗೆ ಕಟ್ಟಿ ಹೊರಟುಹೋದ. ಎರಡೇ ತಿಂಗಳಲ್ಲಿ ಕೆಂಪು ಎಲೆಯ ಗಿಡಗಳು ಬಣ್ಣಗೆಟ್ಟವು, ಗಾಜಿಗೆ ಪಾಚಿ ಹತ್ತಿತು. ವಿಚಾರಿಸಿದಾಗ ತಿಳಿಯಿತು: ನೀರೊಳಗಿನ ಗಿಡಗಳಿಗೆ ಕಾರ್ಬನ್ ಡೈಆಕ್ಸೈಡ್ ಉಣಿಸಬೇಕು, ಅದಕ್ಕೊಂದು ಸಿಲಿಂಡರ್ ಬೇಕು, ಸಿಲಿಂಡರಿನ ಗ್ಯಾಸನ್ನು ಅಳತೆ ಮಾಡಿ ಬಿಡುವುದಕ್ಕೆ ರೆಗ್ಯುಲೇಟರ್ ಬೇಕು. ಸರಿ, ನಮ್ಮ ಇಂದುಶೇಖರ ಕೊಟೇಶನ್ ತರಿಸಲು ಕೂತ.

ಮೊದಲನೆಯದು ಹತ್ತಿರದ ಮೀನಿನ ಅಂಗಡಿಯದು. "ಲೇ ಜಾಯಿಯೇ ಸರ್, ಬಢಿಯಾ ಹೈ" ಎಂದನೇ ಹೊರತು ಯಾಕೆ ಒಳ್ಳೆಯದು ಎಂದು ಅಂಗಡಿಯವನು ಹೇಳಲಿಲ್ಲ. ಎರಡನೆಯದು ಆನ್‌ಲೈನ್, ಅಲ್ಲಿ ಕೇಳೋಣವೆಂದರೆ ಮನುಷ್ಯರೇ ಇಲ್ಲ. ಮೂರನೆಯದಕ್ಕೆ ಫರೀದಾಬಾದಿನ ಒಂದು ಸಣ್ಣ ಕಾರ್ಖಾನೆಗೆ ಫೋನ್ ಮಾಡಿದ. ವೆಲ್ಡಿಂಗ್ ರೆಗ್ಯುಲೇಟರ್ ಮಾಡುವವರು, ಅಕ್ವೇರಿಯಂನದನ್ನೂ ಮಾಡಿಕೊಡುತ್ತಿದ್ದರು. ಫೋನ್ ಎತ್ತಿದ ಹೆಂಗಸು ಇವನ ಹಿಂದಿಯನ್ನು ಅರ್ಧ ನಿಮಿಷ ಕೇಳಿ ನಕ್ಕಳು.

"ನೀವು ಕನ್ನಡದವರಲ್ವಾ? ನಾನು ಗಿರಿಜಮ್ಮ, ದಾವಣಗೆರೆಯೋಳು. ಊಟ ಆಯ್ತಾ ಸರ್?"

ಶನಿವಾರ ಮಧ್ಯಾಹ್ನ ಒಂದೂವರೆ. ಊಟ ಆಗಿರಲಿಲ್ಲ. ಆ ಪ್ರಶ್ನೆಯನ್ನು ಇಂದುಶೇಖರನಿಗೆ ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ, ಲೆಕ್ಕಕ್ಕೆ ಸಿಗಲಿಲ್ಲ.

ಗಿರಿಜಮ್ಮನಿಗೆ ಅರವತ್ತರ ಮೇಲಾಗಿತ್ತು. ಗಂಡ ಕಟ್ಟಿದ ಕಾರ್ಖಾನೆಯನ್ನು ಮಗನ ಜೊತೆ ನಡೆಸುತ್ತಿದ್ದರು. ಹಿಂದೆ ಲೇತ್ ಯಂತ್ರ ಕಿರುಗುಟ್ಟುತ್ತಿತ್ತು, ಯಾರೋ ಸ್ಪ್ಯಾನರ್ ಕೇಳುತ್ತಿದ್ದರು, ಅದರ ನಡುವೆಯೇ ಅವರು ಸಾವಧಾನವಾಗಿ ವಿವರಿಸಿದರು. ರೆಗ್ಯುಲೇಟರಿನಲ್ಲಿ ಒಂದು ಹಂತದ್ದು, ಎರಡು ಹಂತದ್ದು ಎಂದು ಎರಡು ಬಗೆ. ಎರಡು ಹಂತದ್ದಕ್ಕೆ ಬೆಲೆ ಹೆಚ್ಚು. ಅಂದೇ ತೀರ್ಮಾನ ಮಾಡಬಹುದಿತ್ತು.

ಆದರೆ ಫೈಲನ್ನು ಜೀವಂತ ಇಡುವ ವಿದ್ಯೆ ಖರೀದಿ ವಿಭಾಗದವರಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು? ತೀರ್ಮಾನ ಬೇಡವಾದಾಗ 'ಸ್ಪಷ್ಟೀಕರಣ ಕೋರಿದೆ' ಎಂದು ಬರೆದರೆ ಸಾಕು, ಫೈಲು ಇನ್ನೊಂದು ವಾರ ಉಸಿರಾಡುತ್ತದೆ. ಇಂದುಶೇಖರ ಪ್ರತಿ ಶನಿವಾರ ಒಂದೂವರೆಗೆ ಸರಿಯಾಗಿ ಒಂದು ಸ್ಪಷ್ಟೀಕರಣ ಕೋರಿದ. ಹಿತ್ತಾಳೆಯದೋ ಸ್ಟೀಲಿನದೋ? ರಾತ್ರಿ ತಾನಾಗಿಯೇ ನಿಲ್ಲುವ ವಾಲ್ವ್ ಇದೆಯೋ? ನಮ್ಮ ಕಡೆಯ ಸಿಲಿಂಡರಿನ ಬಾಯಿಯ ತಿರುಪಿಗೆ ಕೂರುತ್ತದೋ? ಗಿರಿಜಮ್ಮ ಉತ್ತರ ಹೇಳಿ, ಜೊತೆಗೆ ಫರೀದಾಬಾದಿನಲ್ಲಿ ಒಳ್ಳೆಯ ಮಂಡಕ್ಕಿ ಸಿಗದ ದುಃಖವನ್ನೂ, ಮೊಮ್ಮಗಳು ಧನ್ಯಾ ಅಜ್ಜಿಗೆ "ದಾದೀ, ನೀವು ಕ್ಯಾ ಹೇಳ್ತಿದ್ದೀರಿ" ಎನ್ನುವುದನ್ನೂ ಹೇಳುತ್ತಿದ್ದರು. ಹತ್ತು ನಿಮಿಷ, ಹನ್ನೆರಡು ನಿಮಿಷ. ಉಳಿದ ವಾರವೆಲ್ಲ ಅವನು ಮುಂದಿನ ಪ್ರಶ್ನೆ ಹುಡುಕುತ್ತಿದ್ದ. ತೊಟ್ಟಿಯಲ್ಲಿ ಗಿಡಗಳು ಕೊಳೆಯುತ್ತಿದ್ದವು, ಅದು ಬೇರೆ ಮಾತು.

ಏಳನೆಯ ಶನಿವಾರ ಗಿರಿಜಮ್ಮ ಮೆತ್ತಗೆ ಗದರಿದರು.

"ಇಂದುಶೇಖರ್ ಅವ್ರೇ, ಇನ್ನು ತಡ ಮಾಡಿದ್ರೆ ಗಿಡ ಒಂದೂ ಉಳಿಯಲ್ಲ. ನನ್ನ ಕೇಳಿದ್ರೆ ಎರಡು ಹಂತದ್ದೇ ತಗೊಳ್ಳಿ. ಒಂದು ಹಂತದ್ದಕ್ಕೆ ವಾರ ವಾರ ಕೈ ಹಾಕಿ ಸರಿಮಾಡ್ತಿರಬೇಕು. ಸಿಲಿಂಡರ್ ಖಾಲಿಯಾಗೋ ಹೊತ್ತಿಗೆ ಗ್ಯಾಸ್ ಒಮ್ಮೆಲೇ ನುಗ್ಗಿಬಿಡುತ್ತೆ, ನೋಡ್ಕೊಳ್ಳದಿದ್ರೆ ಮೀನು ಉಸಿರುಕಟ್ಟಿ ಸಾಯ್ತವೆ. ಎರಡು ಹಂತದ್ದು ಹಾಗಲ್ಲ. ಒಂದ್ಸಲ ಕೂರಿಸಿದ್ರೆ ಮುಗೀತು, ಮತ್ತೆ ನನಗೆ ಫೋನ್ ಮಾಡೋ ಪ್ರಮೇಯವೇ ಬರಲ್ಲ!"

ತಮ್ಮ ಸರಕಿನ ಹೆಚ್ಚುಗಾರಿಕೆ ಹೇಳಿದ ಖುಷಿ ಅವರದು. ಇಂದುಶೇಖರ ಯೋಚಿಸಿ ಹೇಳುತ್ತೇನೆಂದು ಫೋನ್ ಇಟ್ಟ.

ಅಂದು ಸಂಜೆ ಅವನು ಕಚೇರಿಯ ಶೈಲಿಯಲ್ಲೇ ತುಲನಾ ಪಟ್ಟಿ ಬರೆದ. ಎಲ್ಲ ಕಾಲಮ್ಮುಗಳಲ್ಲೂ ಎರಡು ಹಂತದ್ದೇ ಮೇಲು. ಒಂದು ಹಂತದ್ದರ ಪರವಾಗಿದ್ದುದು ಒಂದೇ ಅಂಶ, ಅದನ್ನು ಯಾವ ಕಾಲಮ್ಮಿನಲ್ಲೂ ಬರೆಯುವಂತಿರಲಿಲ್ಲ: ಅದು ವಾರ ವಾರ ಕೈಕೊಡುತ್ತದೆ, ವಾರ ವಾರ ಫೋನ್ ಮಾಡಬಹುದು. ಮೀನುಗಳನ್ನು ನಾನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇನೆ, ಏನೂ ಆಗುವುದಿಲ್ಲ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡ. ಇಪ್ಪತ್ತೇಳು ವರ್ಷಗಳಲ್ಲಿ ಒಂದು ಸುಳ್ಳು ಟಿಪ್ಪಣಿಗೂ ಸಹಿ ಹಾಕದವನು ಮರುದಿನ ಫೋನ್ ಮಾಡಿ ಸುಳ್ಳು ಹೇಳಿದ.

"ಒಂದು ಹಂತದ್ದೇ ಕಳಿಸಿ ಗಿರಿಜಮ್ಮನವರೇ. ರೇಟು ಕಮ್ಮಿ ಇದೆಯಲ್ಲ. ನಮ್ಮದೆಲ್ಲ ಕಡಿಮೆ ರೇಟಿನವರಿಗೇ ಆರ್ಡರು."

"ಅಚ್ಛಾ, ಆಯ್ತು ಬಿಡಿ" ಎಂದರು ಗಿರಿಜಮ್ಮ.

ಬುಧವಾರ ಸಂಜೆ ಕಾರ್ಖಾನೆಯ ಮೆಕ್ಯಾನಿಕ್ ಸಿಲಿಂಡರ್ ಹೊತ್ತು ಬಂದ. ಡಬ್ಬ ಬಿಚ್ಚಿದರೆ ಒಳಗಿದ್ದುದು ಎರಡು ಹಂತದ್ದು. ಬಿಲ್ಲಿನಲ್ಲಿ ಮಾತ್ರ ಒಂದು ಹಂತದ್ದರ ಬೆಲೆ.

"ಯೇ ಗಲತ್ ಆಯಾ ಹೈ" ಎಂದ ಇಂದುಶೇಖರ.

"ಗಲತ್ ನಹೀ ಸಾಬ್. ಮೇಡಂ ನೇ ಬೋಲಾ, ಡಬಲ್ ವಾಲಾ ಹೀ ಲಗಾನಾ." ತಪ್ಪಿ ಬಂದದ್ದಲ್ಲ, ಎರಡು ಹಂತದ್ದನ್ನೇ ಕೂರಿಸು ಎಂದು ಮೇಡಂ ಹೇಳಿ ಕಳಿಸಿದ್ದರಂತೆ.

ಆರ್ಡರಿಗೆ ತಕ್ಕಂತಿಲ್ಲದ ಮಾಲನ್ನು ವಾಪಸು ಕಳಿಸುವ ಹಕ್ಕು ಕೊಳ್ಳುವವನಿಗಿದೆ. ಆ ನಿಯಮ ಇಂದುಶೇಖರನಿಗೆ ಬಾಯಿಪಾಠ. ಬಾಯಿ ತೆರೆದದ್ದೂ ಹೌದು. ಅಷ್ಟರಲ್ಲಿ ಅನ್ನ ಹಾಕುವವನು ಬಂದನೆಂದು ಹನ್ನೆರಡೂ ಟೆಟ್ರಾಗಳು ಒಂದೇ ಗುಂಪಾಗಿ ಗಾಜಿನ ಈಚೆ ಮೂಲೆಗೆ ಬಂದು ನಿಂತವು. ಅವಕ್ಕೆ ತನ್ನನ್ನು ಬಿಟ್ಟರೆ ಯಾರೂ ಇಲ್ಲ ಎನ್ನುವುದು ಅವನಿಗೆ ಆಗ ತಟ್ಟಿತು, ನಾಚಿಕೆಯಾಯಿತು. "ಲಗಾ ದೀಜಿಯೇ ಭಯ್ಯಾ" ಎಂದು ಅದನ್ನೇ ಜೋಡಿಸಲು ಹೇಳಿದ.

ಮೆಕ್ಯಾನಿಕ್ ಹೋದಮೇಲೆ ಫೋನ್ ಮಾಡಿದ. "ನಾನು ಕೇಳಿದ್ದು ಇದಲ್ಲ, ಗಿರಿಜಮ್ಮನವರೇ."

"ಗೊತ್ತು. ಕೈ ಬಿಗಿಯಿದ್ರೆ ಹೇಳೋಕೆ ನಾಚಿಕೆ ಯಾಕೆ? ಏಳು ವಾರ ಒದ್ದಾಡಿದ್ರಲ್ಲ, ನನಗೇ ಕರುಳು ಚುರುಕ್ ಅಂತು. ನಮ್ಮ ಕಡೆಯವರು, ನಾನೇ ಇಷ್ಟು ಮಾಡದಿದ್ರೆ ಹೇಗೆ? ಇನ್ನು ಅದರ ತಂಟೆಗೇ ಹೋಗಬೇಡಿ. ಸಿಲಿಂಡರ್ ತುಂಬಿಸೋರು ನಿಮ್ಮ ಹತ್ರಾನೇ ಇದ್ದಾರೆ, ನಂಬರ್ ಬಿಲ್ಲಿನ ಹಿಂದೆ ಬರೆದಿದೀನಿ. ಪಾಪ, ಶನಿವಾರ ಶನಿವಾರ ನನ್ನ ಹುಡುಕಿಕೊಂಡು ಕೂರೋ ಕಷ್ಟ ನಿಮಗೆ ತಪ್ಪಿತು!"

ಕೈ ಬಿಗಿಯಿಲ್ಲ, ಮಾತಿಗೆ ಜನವಿಲ್ಲ ಎನ್ನಬೇಕಿತ್ತು. ಹಿಂದೆ ಲೇತ್ ಕಿರುಗುಟ್ಟಿತು, ಯಾರೋ ಅವರನ್ನು ಕರೆದರು.

"ತುಂಬಾ ಉಪಕಾರವಾಯ್ತು" ಎಂದ ಇಂದುಶೇಖರ. "ಚಲೋ, ಇಡ್ತೀನಿ" ಎಂದರು ಗಿರಿಜಮ್ಮ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ತೊಟ್ಟಿಯ ನೀರು ತಿಳಿಯಾಗಿತ್ತು. ಗ್ಯಾಸಿನ ಗುಳ್ಳೆ ಸೆಕೆಂಡಿಗೊಂದರಂತೆ ಏರುತ್ತಿತ್ತು, ಉಳಿದಿದ್ದ ಗಿಡದ ನೆತ್ತಿಯಲ್ಲಿ ಒಂದು ಹೊಸ ಚಿಗುರು ಕಾಣುತ್ತಿತ್ತು. ಒಂದೂವರೆಗೆ ಇಂದುಶೇಖರ ಬಟ್ಟಲಲ್ಲಿ ಸೋಪಿನ ನೀರು ಕಲಸಿಕೊಂಡು, ಫೋನನ್ನು ಪಕ್ಕದಲ್ಲಿಟ್ಟುಕೊಂಡು ನೆಲದ ಮೇಲೆ ಕೂತ. ಎಲ್ಲಾದರೂ ಗ್ಯಾಸ್ ಸೋರುತ್ತಿದ್ದರೆ ನೊರೆ ಉಬ್ಬಬೇಕು, ಉಬ್ಬಿದರೆ ಫೋನ್ ಮಾಡಬಹುದು. ಬ್ರಶ್ಶಿನಿಂದ ರೆಗ್ಯುಲೇಟರಿನ ಒಂದೊಂದು ಜೋಡಣೆಗೂ ಸೋಪು ಹಚ್ಚಿದ, ಕನ್ನಡಕ ಹಾಕಿಕೊಂಡು ಹತ್ತಿರದಿಂದ ನೋಡಿದ, ಮತ್ತೊಮ್ಮೆ ಹಚ್ಚಿದ. ಗಿರಿಜಮ್ಮನ ಕೆಲಸ ಅಚ್ಚುಕಟ್ಟು. ಎಲ್ಲೂ ಸೋರುತ್ತಿರಲಿಲ್ಲ.